ಹಿಂದಿನಿಂದ ಕರೆಯದ ಊರು

ಲೋಕಯ್ಯನ ಬೆನ್ನಿಗೂ ಒಂದು ಕಿವಿ ಉಂಟು ಎಂದು ಮೊಯ್ದು ಹೇಳುತ್ತಿದ್ದ. ಬಹರೈನಿನ ಮನಾಮದ ಸೂಕಿನಲ್ಲಿ, ಆ ಅರಬ್ಬಿ ಪೇಟೆಯಲ್ಲಿ, ಸಾಮಾನು ಕೊಳ್ಳುವವರಿಗೆ ಅಂಥದ್ದೊಂದು ಕಿವಿ ಬೇಕೇ ಬೇಕು. ಅಂಗಡಿಯವನು ಒಂದು ಬೆಲೆ ಹೇಳುತ್ತಾನೆ, ಗಿರಾಕಿ ಅದರ ಅರ್ಧಕ್ಕೆ ಕೇಳುತ್ತಾನೆ, ಅಂಗಡಿಯವನು ತನ್ನ ಮಕ್ಕಳ ಹೊಟ್ಟೆಯ ವಿಚಾರ ತೆಗೆಯುತ್ತಾನೆ. ಆಗ ಗಿರಾಕಿ ಕೈಯಲ್ಲಿದ್ದ ವಸ್ತುವನ್ನು ಮೆಲ್ಲನೆ ಕೆಳಗಿಟ್ಟು ಬೆನ್ನು ತಿರುಗಿಸಿ ನಡೆಯಬೇಕು. ನಿಜವಾದ ವ್ಯಾಪಾರ ಶುರುವಾಗುವುದು ಅಲ್ಲಿಂದಲೇ. ಬೇಗ ನಡೆದರೆ ವಸ್ತು ಬೇಡವೆಂದಾಯಿತು. ನಿಧಾನವಾದರೆ ಆಸೆ ಬಯಲಾಯಿತು. ಎರಡರ ನಡುವಿನ ಒಂದು ನಡಿಗೆಯನ್ನು ಹಿಡಿದು ಓಣಿಯ ತಿರುವಿನವರೆಗೆ ಹೋಗುವುದರೊಳಗೆ ಹಿಂದಿನಿಂದ ಧ್ವನಿ ಬರುತ್ತದೆ: "ತಆಲ್, ಯಾ ರಫೀಕ್, ತಆಲ್." ಬಾ ಗೆಳೆಯ, ಬಾ. ಕರೆಸಿಕೊಂಡು ಹಿಂದಿರುಗಿದವನು ಗೆದ್ದವನು. ಕರೆಯದೆ ತಾನಾಗಿ ಹಿಂದಿರುಗಿದವನನ್ನು ಕಂಡರೆ ಇಡೀ ಸಾಲಿನ ಅಂಗಡಿಗಳು ನಗುತ್ತವೆ.

ಈ ವಿದ್ಯೆಯನ್ನು ಲೋಕಯ್ಯನಿಗೆ ಕಲಿಸಿದವನು ಮೊಯ್ದುವೇ. ಇಬ್ಬರೂ ಜಾಸಿಮ್ ಎಂಬ ವರ್ತಕನ ಪೀಠೋಪಕರಣದ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಒಂದೇ ಕೋಣೆಯಲ್ಲಿ ವಾಸವಾಗಿದ್ದರು. ಉಚ್ಚಿಲದ ಬ್ಯಾರಿ ಮೊಯ್ದು ಮಾರುವವನು. ಪಡುಬಿದ್ರೆಯ ಕಡೆಯ ಬಡಗಿ ಲೋಕಯ್ಯ ಜೋಡಿಸುವವನು. ತೈಲದ ಬೆಲೆ ಏರಿದ ಮೇಲೆ ಬಹರೈನಿನ ಮನೆಗಳು ಬದಲಾಗಿದ್ದವು, ಮನೆಯೊಳಗಿನ ಮಂಚಗಳೂ ಬದಲಾಗಿದ್ದವು. ಇಟಲಿಯಿಂದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುವ ಕಪಾಟು, ಮಂಚ, ಕನ್ನಡಿ ಮೇಜುಗಳನ್ನು ಗಿರಾಕಿಯ ಮನೆಗೆ ಒಯ್ದು, ಜೊತೆಗೆ ಬಂದ ಚಿತ್ರಹಾಳೆಯನ್ನು ನೆಲದ ಮೇಲೆ ಹರಡಿ, ಒಂದೊಂದನ್ನೇ ಕೂರಿಸಿ ನಿಲ್ಲಿಸುವುದು ಲೋಕಯ್ಯನ ಕೆಲಸ. ಅದು ಎಪ್ಪತ್ತನಾಲ್ಕನೆಯ ಇಸವಿ. ಅವನಿಗೆ ಆಗ ನಲ್ವತ್ತು ದಾಟಿತ್ತು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಹೊರಟವನನ್ನು ಹಿಂದಿನಿಂದ ಕರೆಯಬಾರದು ಎಂಬುದು ಅವನ ಊರಿನ ನಿಯಮ. ಕರೆದರೆ ಹೋದ ಕೆಲಸ ಕೆಡುತ್ತದೆ, ಹೋದವನಿಗೂ ಒಳ್ಳೆಯದಲ್ಲ. ಹೆಂಡತಿ ನೀರಜಾಕ್ಷಿ ಆ ನಿಯಮವನ್ನು ಪ್ರತಿಸಲವೂ ಮುರಿಯುತ್ತಿದ್ದಳು. ರಜೆ ಮುಗಿಸಿ ಪೆಟ್ಟಿಗೆ ಹಿಡಿದು ಅವನು ಬೇಲಿಯ ತಡಮೆ ದಾಟುವುದೇ ತಡ, ಹಿಂದಿನಿಂದ ತುಳುವಿನಲ್ಲಿ ಕೂಗು: "ಇಂಚ ಒರ ಬಲೆ." ಇಲ್ಲಿ ಒಮ್ಮೆ ಬನ್ನಿ. ಹಿಂದಿರುಗಿ ಬಂದರೆ ಕಾರಣವೇ ಇರುತ್ತಿರಲಿಲ್ಲ. ಅಂಗಿಯ ಕಾಲರು ಸರಿಮಾಡುವಳು, ಇಲ್ಲವೆ ನೀರು ಕುಡಿದಿರಾ ಎಂದು ಕೇಳುವಳು. ಲೋಕಯ್ಯನ ತಾಯಿ ತಲೆ ಚಚ್ಚಿಕೊಳ್ಳುತ್ತಿದ್ದರು. ಅತ್ತೆಯ ಬೈಗಳು ಕೊನೆಗೂ ತಲೆಗೆ ಹೋಯಿತೋ ಏನೋ, ಕೊನೆಯ ಸಲ ಅವನು ಹೊರಟಾಗ ಅವಳು ಕರೆಯಲಿಲ್ಲ. ಆ ಮಳೆಗಾಲದಲ್ಲೇ ಜ್ವರ ಬಂದು ಹೋದಳು. ಮುರಿದಾಗಲೆಲ್ಲ ಏನನ್ನೂ ಕೆಡಿಸದ ನಿಯಮ, ಪಾಲಿಸಿದ ಒಂದೇ ಸಲ ಯಾರನ್ನೂ ಕಾಯಲಿಲ್ಲ. ಇಷ್ಟರಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ, ನಿಜ. ಜ್ವರ ಬರುವುದು ಸೋಂಕಿನಿಂದ, ಕೂಗಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಲೋಕಯ್ಯನ ಬೆನ್ನು ತರ್ಕಶಾಸ್ತ್ರ ಓದಿದ್ದಲ್ಲ. ಅದು ಆ ಮೇಲೆ ಎಲ್ಲಿ ತಿರುಗಿದರೂ ಕಿವಿಗೊಡುತ್ತಲೇ ಇತ್ತು. ಸೂಕಿನಲ್ಲಿ ಅವನಿಗೆ ಬೇಡವಾದ ವಸ್ತುಗಳಿಗೂ ಬೆಲೆ ಕೇಳಿ ತಿರುಗಿ ನಡೆಯುವ ಚಾಳಿ ಹತ್ತಿತು. ಚೌಕಾಶಿಯ ಹುಚ್ಚು ಎಂದು ಮೊಯ್ದು ತಿಳಿದಿದ್ದ.

ಆ ವರ್ಷದ ಬೇಸಗೆಯಲ್ಲಿ ಅವಾಲಿಯ ಒಂದು ಮನೆಗೆ ಕಪಾಟು ಜೋಡಿಸಲು ಹೋಗಬೇಕಾಯಿತು. ಕೊಳವೆಗಳ ಸಾಲಿನ ಪಕ್ಕದಲ್ಲೇ ಸಾಗುವ ದಾರಿ ಮುಗಿದಲ್ಲಿ ತೈಲ ಕಂಪನಿಯವರ ಊರು. ಬೇಲಿಯ ಒಳಗೆ ಹುಲ್ಲು, ಕರವೀರದ ಗಿಡಗಳು, ಒಂದೇ ಅಚ್ಚಿನ ಮನೆಗಳು. ಮನೆಯ ಯಜಮಾನ ಇಂಗ್ಲಿಷಿನವ, ಭೂವಿಜ್ಞಾನಿ. ಹೆಂಡತಿ ಇರ್ಮಾ ಇಟಲಿಯವಳು, ಐವತ್ತರ ಹತ್ತಿರದ ಗಟ್ಟಿ ಮೈಕಟ್ಟಿನ ಹೆಂಗಸು. ಲೋಕಯ್ಯ ಚಿತ್ರಹಾಳೆ ಬಿಡಿಸಿದ ಕೂಡಲೇ ಆಕೆ ಅವನ ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಚಿತ್ರಗಳ ಕೆಳಗಿದ್ದ ಅಕ್ಷರಗಳನ್ನು ಗಟ್ಟಿಯಾಗಿ ಓದತೊಡಗಿದಳು. ಎಡ ಬಾಗಿಲು, ಬಲ ಬಾಗಿಲು, ಹಿಂಬದಿಯ ಹಲಗೆ. ತಿರುಪುಗಳ ಲೆಕ್ಕ ಓದಿದಳು, ಒದ್ದೆ ಬಟ್ಟೆಯಿಂದ ಒರೆಸಬಾರದೆಂಬ ಎಚ್ಚರಿಕೆ ಓದಿದಳು, ಕೊನೆಗೆ ಮುದ್ರಣಾಲಯದ ವಿಳಾಸವನ್ನೂ ಓದಿದಳು. ಆಮೇಲೆ ಹಾಳೆಯನ್ನು ಮಗುಚಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

ಕಾರ್ಖಾನೆಯ ಊರಿನ ಹೆಸರಿನ ಮೇಲೆ ಬೆರಳಿಟ್ಟು, "ಇದು ನಮ್ಮ ಕಡೆಯದ್ದು," ಎಂದಳು. "ನಮ್ಮ ಹಳ್ಳಿಯಿಂದ ಸೈಕಲ್ಲಿನಲ್ಲಿ ಹೋಗ್ಬಹುದು."

ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ ಸಾಗುತ್ತಿತ್ತು. ಅದು ಸಾಲದಿದ್ದಲ್ಲಿ ಹಿಂದಿ, ಹಿಂದಿ ಸಾಲದಿದ್ದಲ್ಲಿ ಅಡುಗೆಮನೆಯ ಅರಬ್ಬಿ. ಲೋಕಯ್ಯನ ತಲೆಯೊಳಗೆ ಮಾತ್ರ ಅದೆಲ್ಲ ತನ್ನೂರಿನ ಮಾತಾಗಿಯೇ ಉಳಿಯುತ್ತಿತ್ತು.

ಜಾಸಿಮ್ ಶರತ್ಕಾಲದಲ್ಲಿ ಅದೇ ಕಾರ್ಖಾನೆಗೆ ಹೋಗುವವನಿದ್ದ. ಹೊಸ ಮಾದರಿಯ ಕಪಾಟುಗಳ ಜೋಡಣೆ ಕಲಿಯಲು ಬಡಗಿಯೂ ಜೊತೆಗೆ ಬರಲಿ ಎಂದ. ಕೋಣೆಯಲ್ಲಿ ಸುದ್ದಿ ಕೇಳಿದ ಮೊಯ್ದು ಚಹಾದ ಲೋಟ ಕೆಳಗಿಟ್ಟ.

"ಅಲ್ಲ ಲೋಕಯ್ಯಣ್ಣ, ಇಟಲಿಯವರಿಗೆ ಮೊಳೆ ಹೊಡೀಲಿಕ್ಕೆ ಪಡುಬಿದ್ರೆಯಿಂದ ಜನ ಹೋಗ್ಬೇಕಾ?"

"ಹೊಡೀಲಿಕ್ಕಲ್ಲ ಮಾರಾಯ, ಕಲೀಲಿಕ್ಕೆ."

"ಹೋಗು ಹೋಗು. ಅಲ್ಲಿ ನಮ್ಮ ಅರ್ಬಾಬ್ ಜಾಸಿಮ್ ಹೋಟೆಲಲ್ಲಿ ಮಲಗ್ತಾನೆ, ನೀನು ಹಸಿವಾದ್ರೆ ಯಾರ ಹತ್ರ ಏನಂತ ಕೇಳ್ತಿ? ಒಂದು ಬನ್ನು ಬೇಕಾದ್ರೆ ಬಾಯಿ ಬರ್ಬೇಕಲ್ಲ."

ಅದು ನಿಜವಾಗಿತ್ತು. ಮುಂದಿನ ಶುಕ್ರವಾರ ಕಪಾಟಿನ ಬಾಗಿಲಿನ ಕೀಲು ಸರಿಮಾಡುವ ನೆಪದಲ್ಲಿ ಲೋಕಯ್ಯ ಅವಾಲಿಗೆ ಹೋಗಿ, ಅಂಗಡಿಯಲ್ಲಿ ಬೇಕಾಗುವಷ್ಟು ಇಟಾಲಿಯನ್ ಮಾತು ಹೇಳಿಕೊಡುತ್ತೀರಾ ಎಂದು ಕೇಳಿದ. ಇರ್ಮಾ ಅಡುಗೆಮನೆಯ ಮೇಜನ್ನು ಖಾಲಿ ಮಾಡಿದಳು. ಅದರ ಮೇಲೆ ನೀರುಳ್ಳಿ, ಟೊಮೆಟೊ, ಎರಡು ಸೌಟು, ಒಂದು ಟವೆಲು, ಗಂಡನ ಕಪಾಟಿನಿಂದ ತಂದ ನಾಲ್ಕಾರು ಕಲ್ಲುಗಳನ್ನು ಸಾಲಾಗಿ ಇಟ್ಟಳು. ಸೆರಗಿನಂತೆ ಒಂದು ಶಾಲು ಹೊದ್ದು ಮೇಜಿನ ಆಚೆ ನಿಂತಳು.

"ಇದು ಸಂತೆ. ನಾನು ಮಾರುವವಳು. ಈ ಕಲ್ಲು ಗಿಣ್ಣು."

"ಆ ಗಿಣ್ಣಿಗೆ ಐದು ಕೋಟಿ ವರ್ಷ ಆಯ್ತು," ಎಂದು ಒಳಕೋಣೆಯಿಂದ ಗಂಡನ ಧ್ವನಿ ಬಂತು. "ಜಾಗ್ರತೆ."

ಹೀಗೆ ಪಾಠ ಶುರುವಾಯಿತು. ಕ್ವಾಂತೊ ಕೋಸ್ತ, ಬೆಲೆ ಎಷ್ಟು. ತ್ರೊಪ್ಪೊ ಕಾರೊ, ತೀರಾ ದುಬಾರಿ. ಮೆದ್ಜೊ ಕೀಲೊ, ಅರ್ಧ ಕಿಲೊ. ಲೋಕಯ್ಯ ವಾರವಿಡೀ ಉಳಿ ಹೊಡೆಯುತ್ತ ಸಂಖ್ಯೆಗಳನ್ನು ಹೇಳಿಕೊಳ್ಳುತ್ತಿದ್ದ. ಒಂದೊಂದು ಏಟಿಗೆ ಒಂದೊಂದು. ಬಾಯಿಪಾಠಕ್ಕಿಂತ ಕೈಯ ಲಯಕ್ಕೆ ಮಾತು ಬೇಗ ಅಂಟುತ್ತದೆ ಎಂಬುದು ಅವನ ಅನುಭವ. ಶಾಲೆಯಲ್ಲಿ ಕನ್ನಡದ ಮಗ್ಗಿ ಬಾರದೆ ಪೆಟ್ಟು ತಿಂದವನಿಗೆ ಈಗ ಪರಭಾಷೆಯ ಲೆಕ್ಕ ತಪ್ಪದೆ ಬರುತ್ತಿತ್ತು.

ಎರಡನೆಯದೋ ಮೂರನೆಯದೋ ಪಾಠದಲ್ಲಿ ಇರ್ಮಾ ಟವೆಲಿಗೆ ಬೆಲೆ ಹೇಳಿದಳು. ಲೋಕಯ್ಯ ಅರ್ಧಕ್ಕೆ ಕೇಳಿದ. ಆಕೆ ತಲೆಯಾಡಿಸಿದಳು. ಆಗ ಅವನು, ಯೋಚಿಸಿಯೇನೂ ಅಲ್ಲ, ಸೂಕಿನ ಅಭ್ಯಾಸಬಲದಿಂದ ಟವೆಲನ್ನು ಕೆಳಗಿಟ್ಟು ಬಾಗಿಲಿನ ಕಡೆ ತಿರುಗಿ ನಡೆದ. ಹೊಸ್ತಿಲ ಹತ್ತಿರ ಬಂದಾಗ ಧ್ವನಿ ಬಂತು.

"ವೆಂಗ. ವೆಂಗ ಕ್ವಾ."

ಅರ್ಥ ಕೇಳಬೇಕಾಗಲಿಲ್ಲ. ಬನ್ನಿ, ಇಲ್ಲಿ ಬನ್ನಿ. ಆದರೆ ಲೋಕಯ್ಯ ಒಡನೆ ತಿರುಗಲಿಲ್ಲ. ಹೊಸ್ತಿಲ ಮೇಲೆ ಹಾಗೆಯೇ ನಿಂತ. ಸೂಕಿನವರ ಕೂಗಿನಲ್ಲಿ ವ್ಯಾಪಾರವಿರುತ್ತಿತ್ತು. ಇದರಲ್ಲಿ ಮಾರುವುದಕ್ಕೆ ಏನೂ ಇಲ್ಲದ, ಹೋಗಬೇಡ ಎನ್ನುವುದಷ್ಟೇ ಉಳಿದ ಒಂದು ಧ್ವನಿಯಿತ್ತು. ತಿರುಗಿ ನೋಡಿದರೆ ಆಕೆಯ ಮುಖವೂ ಆಟದಲ್ಲಿರಲಿಲ್ಲ.

ಆಮೇಲೆ ಪ್ರತಿ ಪಾಠವೂ ಹಾಗೆಯೇ ಮುಗಿಯತೊಡಗಿತು. ಅವನು ತಿರುಗಿ ನಡೆಯುವುದು, ಆಕೆ ಕರೆಯುವುದು. ಅವನಿಗೆ ವಾರವೆಂದರೆ ಆ ಹೊಸ್ತಿಲೇ ಆಗಿಹೋಯಿತು. ಇರ್ಮಾ ಹುರುಪಿನಿಂದ ತನ್ನ ಕಡೆಯ ಶನಿವಾರದ ಸಂತೆಯನ್ನು ವರ್ಣಿಸುವಳು: ಹಳ್ಳಿಯ ಹೆಂಗಸರು ಬುಟ್ಟಿ ಹೊತ್ತು ಬರುವುದು, ಗಿರಾಕಿಗಳನ್ನು ಕೂಗಿ ಕೂಗಿ ಕರೆಯುವುದು, ಹೋದವರ ತೋಳು ಹಿಡಿದು ಎಳೆದು ತರುವುದು.

"ಇರ್ಮಾ, ಯಾರು ಕರೆದದ್ದು ಅಲ್ಲಿ?" ಎಂದ ಗಂಡ ಒಮ್ಮೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯದ ಜೊತೆ ಅವನು ಆ ಪ್ರಾಂತ್ಯದಲ್ಲಿ ಎರಡು ವರ್ಷ ಇದ್ದವನು. ಅವರ ಮದುವೆಗೆ ಕಾರಣವೂ ಅದೇ. "ಬೆಲೆ ಒಮ್ಮೆ ಹೇಳ್ತಾರೆ. ಮತ್ತೆ ಬಾಯಿ ಹೊಲಿದ ಹಾಗೆ."

"ನೀವು ಬಂದೂಕು ಹಿಡ್ಕೊಂಡು ಬಂದವರು. ನಿಮ್ಮನ್ನು ಯಾರು ಕರೀತಾರೆ?"

ಗಂಡ ನಕ್ಕ. ನೆನಪನ್ನು ಜನ ಪೆಟ್ಟಿಗೆಯಲ್ಲಿ ಮಡಚಿಟ್ಟ ಬಟ್ಟೆಯೆಂದು ಭಾವಿಸುತ್ತಾರೆ. ಅದನ್ನು ಹೊರಗೆ ತೆಗೆದಾಗಲೆಲ್ಲ ಮನಸ್ಸು ಹೊಸದಾಗಿ ನೇಯುತ್ತದೆ, ಆಗ ಕೈಗೆ ಸಿಕ್ಕಿದ ನೂಲನ್ನೇ ಬಳಸುತ್ತದೆ. ವರ್ಷಗಟ್ಟಲೆ ಮನಾಮದ ಸೂಕಿನಲ್ಲಿ ತರಕಾರಿ ಕೊಂಡ ಹೆಂಗಸಿನ ಕೈಗೆ ಸಿಗುವ ನೂಲು ಯಾವುದೆಂದು ಊಹಿಸುವುದು ಕಷ್ಟವಲ್ಲ. ತನ್ನ ಊರೆಂದು ನಂಬಿ ಆಕೆ ಲೋಕಯ್ಯನಿಗೆ ಕಲಿಸುತ್ತಿದ್ದುದು ಅರ್ಧ ಬಹರೈನನ್ನು. ಇದು ಇಬ್ಬರಿಗೂ ತಿಳಿದಿರಲಿಲ್ಲ.

ಲೋಕಯ್ಯ ಇಟಲಿಗೆ ಹೊರಡುವ ಹಿಂದಿನ ಶುಕ್ರವಾರ ಇರ್ಮಾ ಮೇಜಿನ ಮೇಲೆ ಸಂತೆ ಹೂಡಲಿಲ್ಲ. ಕಂದು ಕಾಗದವೊಂದನ್ನು ನೆಲಕ್ಕೆ ಹಾಸಿ ಅದರ ಮೇಲೆ ಬರಿಗಾಲಿಟ್ಟಳು. "ನಿನ್ನ ಪೆನ್ಸಿಲಿನಿಂದ ಸುತ್ತ ಗೀಟು ಹಾಕು," ಎಂದಳು. ಮರಕ್ಕೆ ಗುರುತು ಹಾಕುವ ಪೆನ್ಸಿಲನ್ನು ಕಿವಿಯಿಂದ ತೆಗೆದು ಲೋಕಯ್ಯ ಚರ್ಮಕ್ಕೆ ತಾಗದಂತೆ ಗೀಟು ಎಳೆದ.

"ಚಿವಿದಾಲೆ ಅಂತ ಊರು. ಶನಿವಾರ ಸಂತೆ. ಅಲ್ಲಿ ಕಪ್ಪು ಮಕಮಲ್ಲಿನ ಮೆಟ್ಟು ಮಾರ್ತಾರೆ. ನಮ್ಮ ಕಡೆ ಸ್ಕಾರ್ಪೆತ್ ಅಂತ ಹೇಳ್ತೇವೆ. ಅಡಿ ಕೈಯಲ್ಲೇ ಹೊಲಿದದ್ದು ಇರ್ಬೇಕು, ಚಿಂದಿ ಬಟ್ಟೆ ಒಂದರ ಮೇಲೊಂದು ಇಟ್ಟು, ಕೆಳಗೆ ಸೈಕಲ್ಲಿನ ಟಯರು. ಅಂಗಡಿಯದ್ದು ಬೇಡ."

"ತರ್ತೇನೆ."

"ಒಂದು ಜೊತೆ ಸಾಕು. ನಮ್ಮಮ್ಮನೂ ಹೊಲೀತಿದ್ಳು. ಈಗಲೂ ಹೊಲೀತಾಳಂತೆ, ತಂಗಿ ಕ್ರಿಸ್ಮಸ್ಸಿಗೆ ಬರೀತಾಳೆ."

"ನೀವೇ ಯಾಕೆ ಒಮ್ಮೆ ಹೋಗುದಿಲ್ಲ ಅಮ್ಮ?"

ಇರ್ಮಾ ಕಾಗದವನ್ನು ಮಡಚಿ ಅವನ ಕೈಗಿಟ್ಟಳು. "ಯಾರೂ ಕರೀಲಿಲ್ಲ," ಎಂದು ಹೇಳಿ ಲೋಟ ತೊಳೆಯಲು ಹೋದಳು.

ಅವಳು ಕೇಳಿದ್ದು ಒಂದು ಜೊತೆ ಮೆಟ್ಟು. ಲೋಕಯ್ಯ ಅದನ್ನು ತಾರದೆ ಹಿಂದಿರುಗುವ ಯೋಚನೆಯನ್ನೇ ಮಾಡಲಾರದವನಾಗಿದ್ದ.

ಇಟಲಿಯಲ್ಲಿ ದಿನಗಳು ಕಾರ್ಖಾನೆಯ ಮರದ ಪುಡಿಯ ವಾಸನೆಯಲ್ಲೇ ಕಳೆದವು. ಆ ವಾಸನೆಗೆ ಯಾವ ದೇಶವೂ ಇಲ್ಲ. ಸಂಜೆ ಬ್ರೆಡ್ಡಿನ ಅಂಗಡಿಗೆ ಹೋಗಿ ಕಲಿತ ಮಾತು ಹೇಳಿದರೆ ಒಳಗಿನವಳು ಸಲೀಸಾಗಿ ಬ್ರೆಡ್ಡು ಕಟ್ಟಿಕೊಟ್ಟಳು. ಪ್ರಪಂಚದ ಯಾವುದೋ ಮೂಲೆಯ ಬೀಗಕ್ಕೆ ತನ್ನ ಜೇಬಿನ ಕೀಲಿ ತಿರುಗಿದಂತೆ ಅವನಿಗೆ ಅನಿಸಿತು. ಟೊಮೆಟೊ ಕೊಂಡ, ಸಾಬೂನು ಕೊಂಡ, ಮೊಯ್ದುವಿಗೆ ಒಂದು ಬಾಚಣಿಗೆ ಕೊಂಡ. ಅವೆಲ್ಲ ಬೆಲೆ ಅಂಟಿಸಿದ ಅಂಗಡಿಗಳು. ತಿರುಗಿ ನಡೆಯುವ ಪ್ರಸಂಗ ಬರಲಿಲ್ಲ. ಬಿಡುವಿದ್ದ ಒಂದೇ ಶನಿವಾರ, ಉದಿನೆ ಪಟ್ಟಣಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿದು ಚಿವಿದಾಲೆಗೆ ಬಂದ. ಸೋಮವಾರ ವಿಮಾನ.

ಸಂತೆ ಇಗರ್ಜಿಯ ಪಕ್ಕದ ಚೌಕದಲ್ಲಿತ್ತು. ಹಿಂದೆ ಪರ್ವತಗಳು, ಅವುಗಳ ತುದಿಯಲ್ಲಿ ಆಗಲೇ ಹಿಮ. ಲೋಕಯ್ಯ ಒಳಗೆ ಹೆಜ್ಜೆಯಿಟ್ಟು ಕಿವಿಗೊಟ್ಟ. ತಾನು ಕಲಿತ ಮಾತು ಅಲ್ಲಿರಲಿಲ್ಲ. ಹೆಂಗಸರು ತಮ್ಮತಮ್ಮೊಳಗೆ ಬೇರೆಯೇ ಒಂದು ನುಡಿಯಲ್ಲಿ, ತಗ್ಗಿದ ಧ್ವನಿಯಲ್ಲಿ ಮಾತಾಡುತ್ತಿದ್ದರು. ಅವನನ್ನು ಕಂಡೊಡನೆ ಇಟಾಲಿಯನ್ನಿಗೆ ಬದಲಾಗುತ್ತಿದ್ದರು. ಪಡುಬಿದ್ರೆಯ ಪೇಟೆಯಲ್ಲಿ ತುಳು ಆಡುತ್ತಿದ್ದವರು ಘಟ್ಟದ ಮೇಲಿನ ಇನ್‌ಸ್ಪೆಕ್ಟರನ್ನು ಕಂಡು ಶಾಲೆಯ ಕನ್ನಡಕ್ಕೆ ಬದಲಾಗುವುದು ಹೀಗೆಯೇ. ಹಾಗಾದರೆ ಇರ್ಮಾ ತನಗೆ ಕಲಿಸಿದ್ದು ಆಕೆಯ ಶಾಲೆಯ ಮಾತು. ಮನೆಯ ಮಾತನ್ನು ಆಕೆ ಹೊರಗೆ ತೆಗೆದೇ ಇರಲಿಲ್ಲ. ಯಾರೂ ಕೂಗುತ್ತಿರಲಿಲ್ಲ. ಯಾರೂ ಯಾರ ತೋಳನ್ನೂ ಹಿಡಿಯುತ್ತಿರಲಿಲ್ಲ.

ಮೆಟ್ಟು ಮಾರುವ ಮುದುಕಿ ಮೂಲೆಯಲ್ಲಿ ಒಂದು ಮಣೆಯ ಮೇಲೆ ಕುಳಿತಿದ್ದಳು. ತಲೆಗೆ ಕಪ್ಪು ವಸ್ತ್ರ. ಮುಂದಿನ ಹಲಗೆಯ ಮೇಲೆ ಎಂಟು ಹತ್ತು ಜೊತೆ. ಲೋಕಯ್ಯ ಕಾಗದ ಬಿಡಿಸಿ ಅಳತೆಗೆ ಕೂಡುವ ಜೊತೆಯೊಂದನ್ನು ಆರಿಸಿ ಮಗುಚಿ ನೋಡಿದ. ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ಉಗುರು ತೂರುತ್ತಿರಲಿಲ್ಲ. ಟಯರಿನ ಅಚ್ಚು ಇನ್ನೂ ಕಾಣುತ್ತಿತ್ತು. ಕೈ ಕೆಲಸ ಕೈಗೆ ತಿಳಿಯಿತು.

"ಕ್ವಾಂತೊ ಕೋಸ್ತ?"

ಆಕೆ ಬೆಲೆ ಹೇಳಿದಳು. ಬೆಲೆ ನ್ಯಾಯವಾಗಿತ್ತು, ಅವನ ಜೇಬಿನಲ್ಲಿ ಹಣವೂ ಇತ್ತು. ಆದರೆ ಹೇಳಿದ ಬೆಲೆಯನ್ನು ಹಾಗೆಯೇ ಕೊಟ್ಟುಬಿಡುವುದು ಬಹರೈನಿನಲ್ಲಿ ಒರಟುತನ. ಮಾತಾಡಲು ನೀನು ತಕ್ಕವನಲ್ಲ ಎಂದು ಮಾರುವವನಿಗೆ ಹೇಳಿದ ಹಾಗೆ. "ತ್ರೊಪ್ಪೊ ಕಾರೊ," ಎಂದು ಮರ್ಯಾದೆಯಿಂದ ಅರ್ಧಕ್ಕೆ ಕೇಳಿದ. ಮುದುಕಿ ಅವನ ಮುಖವನ್ನು ನೋಡಿ ಅದೇ ಬೆಲೆಯನ್ನು ಅದೇ ಧ್ವನಿಯಲ್ಲಿ ಮತ್ತೊಮ್ಮೆ ಹೇಳಿದಳು. ಲೋಕಯ್ಯ ಜೊತೆಯನ್ನು ಮೆಲ್ಲನೆ ಹಲಗೆಯ ಮೇಲಿಟ್ಟು, ತಿರುಗಿ, ಬೇಗವೂ ಅಲ್ಲದೆ ನಿಧಾನವೂ ಅಲ್ಲದೆ ನಡೆದ.

ಯಾರೂ ಕರೆಯಲಿಲ್ಲ.

ಗಿಣ್ಣು ಮಾರುವವನ ಲಾರಿಯ ಹಿಂದೆ ನಿಂತ. ಬಹುಶಃ ಮುದುಕಿಗೆ ಕಿವಿ ಮಂದ, ತಾನು ತೀರಾ ದೂರ ಬಂದೆ, ಆಕೆಯ ಧ್ವನಿ ಸಣ್ಣದು: ಒಂದೊಂದೇ ಕಾರಣ ಹುಡುಕಿದ. ನಂಬಿಕೆಗೆ ವಿರುದ್ಧವಾದ ಸಾಕ್ಷ್ಯ ಎದುರಿಗೆ ಬಂದಾಗ ಮನುಷ್ಯ ಮೊದಲು ಸಾಕ್ಷ್ಯವನ್ನೇ ಅನುಮಾನಿಸುತ್ತಾನೆ. ಅಷ್ಟರಲ್ಲಿ ಇಗರ್ಜಿಯ ಗಂಟೆ ಹೊಡೆಯಿತು. ಇಡೀ ಸಂತೆ ಆ ಗಂಟೆಗೇ ಕಾದಿದ್ದಂತೆ ಮುಚ್ಚತೊಡಗಿತು. ಡೇರೆಗಳು ಮಡಚಿಕೊಂಡವು, ಪೆಟ್ಟಿಗೆಗಳು ಲಾರಿಗೇರಿದವು. ಇನ್ನು ಸಂತೆ ಮುಂದಿನ ಶನಿವಾರಕ್ಕೆ.

ಲೋಕಯ್ಯನ ಕಾಲು ಅಲುಗಲಿಲ್ಲ. ಕರೆಯದೆ ಹಿಂದಿರುಗುವುದು ಅವನ ಲೆಕ್ಕದಲ್ಲಿ ಬರಿಯ ಚೌಕಾಶಿಯ ಸೋಲಾಗಿರಲಿಲ್ಲ. ಕರೆಸಿಕೊಳ್ಳದೆ ಹಿಂದಿರುಗಿದರೆ, ಕರೆಯುವವರು ಇನ್ನಿಲ್ಲವೆಂದು ತಾನೇ ಒಪ್ಪಿಕೊಂಡಂತಾಗುತ್ತಿತ್ತು. ಮೂರು ವರ್ಷದಿಂದ ಅವನ ಬೆನ್ನು ಒಪ್ಪದೆ ಇದ್ದುದು ಅದನ್ನೇ. ಲಾರಿಯವನು ಇಂಜಿನು ಚಾಲೂ ಮಾಡಿದ. ಮರೆಯಾಗಿದ್ದ ಲಾರಿ ಹೊರಟುಹೋದ ಮೇಲೆ ಚೌಕದಲ್ಲಿ ಲೋಕಯ್ಯ ಒಬ್ಬನೇ ಎಲ್ಲರ ಕಣ್ಣಿಗೂ ಬೀಳುವಂತೆ ಉಳಿದ. ಆಗ ತಿರುಗಿ ನಡೆದ.

ಮುದುಕಿ ಮಣೆಯನ್ನು ಕಟ್ಟಿಯಾಗಿತ್ತು. ಬುಟ್ಟಿಗೆ ಬಟ್ಟೆ ಮುಚ್ಚಿಯಾಗಿತ್ತು. ಹಲಗೆಯ ಮೇಲೆ ಒಂದು ಜೊತೆ ಮಾತ್ರ ಹೊರಗಿತ್ತು. ಅವನು ಕೆಳಗಿಟ್ಟಿದ್ದ ಜೊತೆ, ಇಟ್ಟಿದ್ದ ಹಾಗೆಯೇ. ಆಕೆ ನಗಲಿಲ್ಲ, ಸುತ್ತಲಿನವರೂ ನಗಲಿಲ್ಲ. ಆಕೆ ಹೇಳಿದ್ದ ಬೆಲೆಯನ್ನೇ ಅವನು ಕೊಟ್ಟ. ಆಕೆ ಕಾಗದದ ಮೇಲಿನ ಪಾದದ ಗೀಟನ್ನು ನೋಡಿ, ಮೆಟ್ಟಿನೊಳಗೆ ಕೈ ತೂರಿಸಿ ಒಳಗಿನ ಹೊಲಿಗೆಯನ್ನು ಒಮ್ಮೆ ಸವರಿ, ಕಟ್ಟಿಕೊಟ್ಟಳು. ಆಮೇಲೆ ಅಲ್ಲಿಯ ಹೆಂಗಸರು ಬೀಳ್ಕೊಳ್ಳುವಾಗ ತಮ್ಮ ನುಡಿಯಲ್ಲಿ ಪರಸ್ಪರ ಹೇಳುತ್ತಿದ್ದ ಒಂದು ಪದವನ್ನು ಅವನಿಗೂ ಹೇಳಿದಳು. "ಮಂದಿ."

ಬಹರೈನಿನ ಕೋಣೆಯಲ್ಲಿ ಮೊಯ್ದು ಕತೆ ಪೂರ್ತಿ ಕೇಳಿ ಬಾಚಣಿಗೆಯಿಂದ ಗಡ್ಡ ಬಾಚಿಕೊಂಡ. "ಕರೀದೆ ನೀನಾಗಿ ಹೋದದ್ದಾ? ನನ್ನ ಹೆಸರು ತೆಗ್ದಿ ಮಾರಾಯ. ಇರ್ಲಿ, ಆ ಹೆಂಗಸಿಗೆ ಕರೆದ್ರು ಅಂತ ಹೇಳು. ಸಂತೋಷ ಪಡ್ತದೆ. ನಿನ್ನ ಗಂಟೇನು ಹೋಗ್ತದೆ?"

ಅವಾಲಿಯ ದಾರಿಯುದ್ದಕ್ಕೂ ಲೋಕಯ್ಯ ಹಾಗೆಯೇ ಹೇಳಬೇಕೆಂದಿದ್ದ.

ಇರ್ಮಾ ಮೆಟ್ಟನ್ನು ಮೂಸಿದಳು, ಅಡಿಯನ್ನು ಹೆಬ್ಬೆರಳಿನಿಂದ ಒತ್ತಿದಳು, ಮಡಿಲಲ್ಲಿಟ್ಟುಕೊಂಡು ಕುಳಿತಳು. ಗಂಡನೂ ಬಂದು ಮೇಜಿನ ಬಳಿ ಕುಳಿತ.

"ಮಾರಿದವಳು ಎಡಗೈಯವಳಾ?"

"ಅಲ್ಲಮ್ಮ, ಬಲಗೈ."

"ಹಾಗಾದ್ರೆ ನಮ್ಮಮ್ಮ ಅಲ್ಲ," ಎಂದು ಆಕೆ ಮೆಟ್ಟನ್ನು ಮಗುಚುತ್ತ ಕೇಳಿದಳು: "ನೀನು ತಿರುಗಿ ನಡೆದಿಯಲ್ಲ. ಕರೆದಳಾ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಆದರೆ ಕರೆದಳೆಂದು ಹೇಳಿದರೆ, ಕರೆಯುವ ಒಂದು ಊರಿನಲ್ಲಿ ತನ್ನನ್ನು ಮಾತ್ರ ಯಾರೂ ಕರೆಯಲಿಲ್ಲವೆಂದು ಈ ಹೆಂಗಸು ಸಾಯುವ ತನಕ ನಂಬುತ್ತಾಳೆ ಎಂದು ಅವನಿಗೆ ಹೊಳೆಯಿತು.

"ಇಲ್ಲ," ಎಂದ. "ಯಾರೂ ಯಾರನ್ನೂ ಕರೀಲಿಲ್ಲ ಅಲ್ಲಿ. ನಾನೇ ಹಿಂದೆ ಹೋದದ್ದು. ಎಲ್ಲ ಕಟ್ಟಿ ಆಗಿತ್ತು. ಈ ಒಂದು ಜೊತೆ ಹೊರಗೆ ಇಟ್ಕೊಂಡು ಕೂತಿದ್ಳು." ಆಮೇಲೆ, ಹೇಳಬೇಕೋ ಬೇಡವೋ ಎಂದು ತಿಳಿಯದೆ, "ಹೋಗುವಾಗ ಮಂದಿ ಅಂತ ಹೇಳಿದ್ಳು," ಎಂದು ಸೇರಿಸಿದ.

ಇರ್ಮಾ ಆ ಪದವನ್ನು ಧ್ವನಿಯಿಲ್ಲದೆ ತುಟಿಯಲ್ಲೇ ಹೇಳಿ ನೋಡಿದಳು.

"ಇವರ ಹಿಂದೆ ನಾನು ಹೊರಟ ದಿನ ಸಂಜೆ ಅಮ್ಮ ಬಾಗಿಲಲ್ಲಿ ಕೂತು ಅಡಿ ಹೊಲೀತಿದ್ಳು," ಎಂದಳು. "ಅಪ್ಪ ಮುಖ ತೋರಿಸ್ಲಿಲ್ಲ. ನಾನು ರಸ್ತೆಗೆ ಇಳಿದೆ. ಬಸ್ಸು ಬರುವ ತನಕ ಅಲ್ಲೇ ನಿಂತಿದ್ದೆ. ಅಮ್ಮ ತಲೆ ಎತ್ತಲಿಲ್ಲ."

"ಟಯರಿಗೆ ದಬ್ಬಳ ತೂರಿಸುವಾಗ ತಲೆ ಎತ್ಲಿಕ್ಕಾಗುದಿಲ್ಲ ಅಮ್ಮ," ಎಂದ ಲೋಕಯ್ಯ. "ಎತ್ತಿದ್ರೆ ಕೈಗೆ ಹೋಗ್ತದೆ."

"ಬಾಗಿಲು ತೆರೆದೇ ಇತ್ತು. ಬಸ್ಸು ತಿರುಗುವ ತನಕ ತೆರೆದೇ ಇತ್ತು."

"ಮೇ ತಿಂಗಳಲ್ವಾ," ಎಂದ ಗಂಡ ಮೃದುವಾಗಿ. "ಮೇ ತಿಂಗಳಲ್ಲಿ ಎಲ್ಲರ ಬಾಗಿಲೂ ತೆರೆದಿರ್ತದೆ. ತಲೆ ಎತ್ತದವಳಿಗೆ ಎತ್ತುವ ಮನಸ್ಸಿಲ್ಲದೆಯೂ ಇರ್ಬಹುದು. ಇಲ್ಲಿ ಕೂತು ಹೇಳ್ಲಿಕ್ಕಾಗುದಿಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತೆರೆದ ಬಾಗಿಲು, ತಗ್ಗಿದ ತಲೆ: ಎರಡೂ ಪ್ರೀತಿಗೂ ಹೊಂದುತ್ತಿದ್ದವು, ಮುನಿಸಿಗೂ ಹೊಂದುತ್ತಿದ್ದವು. ಕಾಲು ಶತಮಾನ ಹಳೆಯ, ಒಬ್ಬಳೇ ಕಂಡ, ಎಷ್ಟೋ ಸಲ ಮರುನೇಯ್ದ ಒಂದು ಸಂಜೆಯಿಂದ ಯಾವ ತೀರ್ಮಾನವನ್ನೂ ತೆಗೆಯಲಾಗದು. ಇರ್ಮಾ ಗಂಡನ ಮಾತಿಗೆ ಎದುರಾಡಲಿಲ್ಲ. ಮೆಟ್ಟನ್ನು ಮೇಜಿನ ಮೇಲಿಟ್ಟು ಲೋಕಯ್ಯನ ಕಡೆ ತಿರುಗಿದಳು.

"ಬಸ್ಸು ಎಲ್ಲಿಂದ ಹಿಡಿದೆ?"

"ಉದಿನೆ ಸ್ಟೇಷನಿನ ಹೊರಗೆ."

"ನಮ್ಮ ಕಾಲದಲ್ಲಿ ಅಲ್ಲಿ ಕುದುರೆ ಕಟ್ತಿದ್ರು. ಬಸ್ಸು ನಿಲ್ತಿದ್ದದ್ದು ಬೇರೆ ಕಡೆ."

"ಈಗ ಸ್ಟೇಷನಿನಿಂದ ಬಲಕ್ಕೆ ಹೋಗ್ಬೇಕು. ನೀಲಿ ಬಸ್ಸು. ಎಡಗಡೆ ಕೂತ್ರೆ ಗುಡ್ಡ ಕಾಣ್ತದೆ."

"ಚಳಿ ಕಳೀಲಿ," ಎಂದ ಗಂಡ. "ಮಾರ್ಚಿನ ಮೇಲೆ ಹೋಗು."

ಇನ್ನು ಶುಕ್ರವಾರಗಳಿಗೆ ನೆಪವಿಲ್ಲವೆಂದು ಲೋಕಯ್ಯನಿಗೆ ತಿಳಿಯುತ್ತಿತ್ತು. ಕಪಾಟಿನ ಕೀಲುಗಳು ಗಟ್ಟಿಯಾಗಿದ್ದವು; ಅವನೇ ಕೂರಿಸಿದ್ದು. ಎದ್ದು ಹೊರಡಬೇಕೆಂದುಕೊಂಡ. ಆದರೆ ಇರ್ಮಾ ಕಣ್ಣು ಮುಚ್ಚಿ, ಪರೀಕ್ಷೆಗೆ ಕುಳಿತವರಂತೆ ಎರಡು ಕೈಯನ್ನೂ ಮೇಜಿನ ಮೇಲಿಟ್ಟು ಹೇಳಿದಳು:

"ಇನ್ನೊಮ್ಮೆ ಹೇಳು. ಇಟಾಲಿಯನ್ನಿನಲ್ಲಿ."

ಲೋಕಯ್ಯ ಹೇಳಿದ. ಸ್ಟೇಷನ್ನು, ಬಲಕ್ಕೆ, ನೀಲಿ ಬಸ್ಸು, ಎಡದ ಕಿಟಕಿ. ಗೊತ್ತಿಲ್ಲದ ಪದಕ್ಕೆ ಕೈ ತೋರಿಸಿದ. ಆ ದಾರಿಯನ್ನು ಎಂದೂ ಕಾಣದವರಿಗೆ ಹೇಳುವಂತೆ, ನಡುನಡುವೆ ನಿಲ್ಲಿಸಿ, ಆಕೆ ತಲೆಯಾಡಿಸಿದ ಮೇಲೆಯೇ ಮುಂದಿನದನ್ನು ಹೇಳಿದ.